ಗಟ್ಟಿ ಮನೆಗೆ ಯಾವ ಸಾಮಾನು, ಯಾವ ಸಲಕರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರ ಜೊತೆ ಇಪ್ಪತ್ತು ವರ್ಷದಿಂದ ಓಡಾಡುತ್ತಿದ್ದೇನೆ. ಗುದ್ದಲಿಪೂಜೆಯ ದಿನ ಕೇಳುವ ಪ್ರಶ್ನೆಗಳೇ ಬೇರೆ, ಮೋಲ್ಡ್ (ಕಾಂಕ್ರೀಟ್ ಛಾವಣಿ) ಹಾಕುವ ಹಿಂದಿನ ರಾತ್ರಿ ಫೋನ್ ಮಾಡಿ ಕೇಳುವವೇ ಬೇರೆ. ಹೆಚ್ಚು ಸಲ ಕೇಳಿಸಿಕೊಂಡವನ್ನು, ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಉತ್ತರಗಳಲ್ಲಿ ನೀರಿನ ಮಾತು ಮತ್ತೆ ಮತ್ತೆ ಬರುತ್ತದೆ. ನಾನು ನೋಡಿದ ಹಾಳಾದ ಮನೆಗಳಲ್ಲಿ ಹೆಚ್ಚಿನವು ಹಾಳಾಗಿದ್ದು ನೀರಿನಿಂದ: ಕಾಂಕ್ರೀಟಿಗೆ ಬೇಕಾದಾಗ ಸಿಗದ ನೀರು, ಬೇಡವಾದ ಮೇಲೆ ಒಳಗೆ ನುಗ್ಗಿದ ನೀರು.

## ಶುರುವಿನಲ್ಲಿ ಕೇಳುವವು

"ಬಜೆಟ್ ಕಡಿಮೆ ಇದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?"

ಮುಂದೆ ಗೋಡೆ ಒಡೆಯದೆ ಬದಲಾಯಿಸಬಹುದಾದ್ದರಲ್ಲಿ ಉಳಿಸಿ. ಬಣ್ಣ, ನಲ್ಲಿ, ಲೈಟು, ಕಪಾಟು, ಗೇಟು, ಫಾಲ್ಸ್ ಸೀಲಿಂಗ್ ಎಲ್ಲ ಐದು ವರ್ಷ ಬಿಟ್ಟು ಮಾಡಿಸಿದರೂ ಮನೆಗೆ ಏನೂ ಆಗುವುದಿಲ್ಲ. ಪಾಯ, ಕಂಬಿ, ಕಾಂಕ್ರೀಟು, ಬಚ್ಚಲಿನ ಮತ್ತು ತಾರಸಿಯ ವಾಟರ್‌ಪ್ರೂಫಿಂಗ್, ಗೋಡೆಯೊಳಗೆ ಹೂತುಹೋಗುವ ಪೈಪು ಮತ್ತು ವೈರು, ಇವುಗಳಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಗೃಹಪ್ರವೇಶಕ್ಕೆ ಬಂದವರು ಟೈಲ್ಸನ್ನು ಹೊಗಳುತ್ತಾರೆ, ಪೈಪನ್ನು ಯಾರೂ ನೋಡುವುದಿಲ್ಲ. ಹಾಗಾಗಿಯೇ ದುಡ್ಡು ಟೈಲ್ಸಿನ ಕಡೆ ಹರಿದುಹೋಗುತ್ತದೆ.

"ಇಟ್ಟಿಗೆ, ಸಾಲಿಡ್ ಬ್ಲಾಕು, ಎಎಸಿ ಬ್ಲಾಕು... ಗೋಡೆಗೆ ಯಾವುದು ಒಳ್ಳೇದು?"

ಪಿಲ್ಲರ್ ಇರುವ ಮನೆಯೋ, ಗೋಡೆಯೇ ಭಾರ ಹೊರುವ ಮನೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಪಿಲ್ಲರ್ ಇಲ್ಲದಿದ್ದರೆ ಎಎಸಿ ಬ್ಲಾಕನ್ನು (ಒಳಗೆ ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್ ಬ್ಲಾಕು) ಮರೆತುಬಿಡಿ, ಅದು ಬರೀ ತುಂಬುವ ಗೋಡೆಗೆ. ಪಿಲ್ಲರ್ ಇದ್ದರೆ ಅದು ಹಗುರ, ಸೆಖೆಯನ್ನೂ ತಡೆಯುತ್ತದೆ. ಆದರೆ ನೀರು ಹೀರುವ ಗುಣವಿದೆ, ಹೊರಗೋಡೆಯ ಪ್ಲಾಸ್ಟರ್ ಬಿರುಕಿಲ್ಲದೆ ಆಗಲೇಬೇಕು.

ಸುಟ್ಟ ಇಟ್ಟಿಗೆಯನ್ನು ಲೋಡ್ ಬಂದ ಕೂಡಲೇ ಪರೀಕ್ಷಿಸಿ. ಎರಡನ್ನು ಒಂದಕ್ಕೊಂದು ತಟ್ಟಿದರೆ ಕಂಚಿನ ಪಾತ್ರೆಯ ಹಾಗೆ ಠಣ್ ಎನ್ನಬೇಕು. ಉಗುರಿನಿಂದ ಗೀಚಿದರೆ ಗೆರೆ ಬೀಳಬಾರದು. ಮೂರಡಿ ಎತ್ತರದಿಂದ ಮಣ್ಣಿನ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ: ತೂಕ ಶೇ 20ಕ್ಕಿಂತ ಹೆಚ್ಚು ಏರಿದ್ದರೆ ಲಾರಿ ವಾಪಸ್ ಕಳಿಸಿ.

ಸಾಲಿಡ್ ಬ್ಲಾಕಿನಲ್ಲಿ, ಅಂದರೆ ಟೊಳ್ಳಿಲ್ಲದ ಕಾಂಕ್ರೀಟ್ ಬ್ಲಾಕಿನಲ್ಲಿ, ಮೋಸ ಹೆಚ್ಚು. ನಿನ್ನೆ ಹೊಯ್ದದ್ದನ್ನು ಇವತ್ತು ಲಾರಿಗೆ ಹೇರುತ್ತಾರೆ. ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ. ಪುಡಿ ಉದುರಿದರೆ ಅದು ಹೊಯ್ದ ಮೇಲೆ ಸಾಕಷ್ಟು ನೀರು ಉಣಿಸದ ಬ್ಲಾಕು. ಆರ್ಡರ್ ಕೊಡುವ ಮುಂಚೆ ತಯಾರಿಸುವ ಜಾಗಕ್ಕೇ ಹೋಗಿ, ಸಾಲಾಗಿ ಜೋಡಿಸಿದ ಬ್ಲಾಕುಗಳಿಗೆ ನೀರು ಹೊಡೆಯುತ್ತಿದ್ದಾರಾ ನೋಡಿ. ಅರ್ಧ ದಿನ ಖರ್ಚಾದರೂ ಸರಿ, ಹೋಗಿಬನ್ನಿ.

"ನಮ್ಮೂರಲ್ಲಿ ಮುರಕಲ್ಲು ಧಾರಾಳ ಸಿಗ್ತದೆ. ಆದ್ರೂ ಎಲ್ಲರೂ ಬ್ಲಾಕ್ ಹಾಕಿಸ್ತಾ ಇದ್ದಾರೆ. ನಾವೂ ಅದನ್ನೇ ಮಾಡ್ಬೇಕಾ?"

ಬೇಡ. ಕರಾವಳಿಯವರಿಗೆ ಮುರಕಲ್ಲಿನಷ್ಟು (ಜಂಬಿಟ್ಟಿಗೆ, ಲ್ಯಾಟರೈಟ್) ಹೊಂದುವ ಕಲ್ಲು ಇನ್ನೊಂದಿಲ್ಲ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ಅದರ ಗುಣ. ಆದ್ದರಿಂದ ಕಡಿದ ಕಲ್ಲನ್ನು ಒಂದಷ್ಟು ವಾರ ಅಂಗಳದಲ್ಲಿ ಒಣಗಲು ಬಿಟ್ಟು ಕಟ್ಟಿಸಿ. ಬಿಳಿ ಜೇಡಿಯ ದೊಡ್ಡ ತೂತುಗಳಿರುವ, ಹಳದಿಗೆ ತಿರುಗಿದ ಕಲ್ಲನ್ನು ಪಕ್ಕಕ್ಕಿಡಿ. ಹೊರಗೋಡೆಗೆ ಪ್ಲಾಸ್ಟರ್ ಬೇಡ, ಕಲ್ಲು ಕಾಣಲಿ ಎನ್ನುವವರು ಸಜ್ಜ ಮತ್ತು ಮಾಡಿನ ಚಾಚು ಉದ್ದ ಇಡಿಸಬೇಕು, ಎರಡರಿಂದ ಮೂರಡಿ. ಹಳೇ ಗುತ್ತಿನ ಮನೆಗಳ ಗೋಡೆ ಉಳಿದಿರುವುದು ಆ ಚಾಚಿನ ನೆರಳಿನಲ್ಲಿ.

"ಮಣ್ಣಿನ ಬ್ಲಾಕ್ ಮಳೆಗೆ ಕರಗಲ್ವಾ?"

ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕು ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ತಂತ್ರವನ್ನು ನಮ್ಮ ಮಣ್ಣಿಗೆ ಒಗ್ಗಿಸಿತು. ಸಾಮಾನ್ಯವಾಗಿ ಶೇ 7–8ರಷ್ಟು ಸಿಮೆಂಟ್ ಸಾಕು. ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಿರಬೇಕು, ಜೇಡಿ ಕಡಿಮೆ. ಕೆಮ್ಮಣ್ಣಿನ ಊರುಗಳಿಗೆ ಚೆನ್ನ, ಎರೆಮಣ್ಣಿಗೆ ಹೊಂದುವುದಿಲ್ಲ. ಒತ್ತಿದ ಬ್ಲಾಕನ್ನು ಮೂರು ವಾರ ಒದ್ದೆಯಾಗಿಡಬೇಕು. ಒಣಗಿದ ಬ್ಲಾಕನ್ನು ಒಂದು ದಿನ ಬಕೆಟ್ಟಿನಲ್ಲಿ ಮುಳುಗಿಸಿಡಿ, ಮೂಲೆ ಮೆತ್ತಗಾಗದಿದ್ದರೆ ನಂಬಿ ಕಟ್ಟಿ.

## ಸಾಮಾನು ತರಿಸುವಾಗ

"53 ಗ್ರೇಡ್ ಸಿಮೆಂಟೇ ಗಟ್ಟಿ ಅಂತಾರೆ ಮೇಸ್ತ್ರಿ. ಪಿಪಿಸಿ ಹಾಕಿದ್ರೆ ತೊಂದ್ರೆ ಇದ್ಯಾ?"

ಮನೆಗೆ ಪಿಪಿಸಿಯೇ (ಪೊಜೊಲಾನಾ ಸಿಮೆಂಟ್) ನನ್ನ ಆಯ್ಕೆ. ಅದರಲ್ಲಿ ಹಾರುಬೂದಿ ಸೇರಿರುತ್ತದೆ. ಶಕ್ತಿ ನಿಧಾನವಾಗಿ ಏರುತ್ತದೆ, ಬಿಸಿ ಕಡಿಮೆ ಹುಟ್ಟುತ್ತದೆ, ಕಾಂಕ್ರೀಟಿನೊಳಗಿನ ಸಣ್ಣ ರಂಧ್ರಗಳು ತುಂಬಿಕೊಂಡು ನೀರು ಇಳಿಯುವುದು ಕಡಿಮೆಯಾಗುತ್ತದೆ. 53 ಗ್ರೇಡ್ ಒಪಿಸಿ (ಬೆರಕೆಯಿಲ್ಲದ ಸಾದಾ ಸಿಮೆಂಟ್) ಬೇಗ ಗಟ್ಟಿಯಾಗುತ್ತದೆ ಎಂಬುದು ನಿಜ. ಸೆಂಟ್ರಿಂಗ್ (ಕಾಂಕ್ರೀಟನ್ನು ಹಿಡಿದಿಡುವ ಹಲಗೆ, ಶೀಟು, ಆಧಾರ) ಬೇಗ ಬಿಚ್ಚಬೇಕಾದವರಿಗೆ ಅದು ಅನುಕೂಲ. ಆದರೆ ಬಿಸಿ ಹೆಚ್ಚು ಹುಟ್ಟುವುದರಿಂದ ಬಿಸಿಲಿನಲ್ಲಿ ಸ್ವಲ್ಪ ಅಲಕ್ಷ್ಯ ಮಾಡಿದರೂ ಕೂದಲೆಳೆಯ ಬಿರುಕು ಬರುತ್ತದೆ. ಸಮುದ್ರದ ಉಪ್ಪುಗಾಳಿ ತಾಗುವ ಕಡೆ ಸ್ಲ್ಯಾಗ್ (ಕಬ್ಬಿಣ ಕರಗಿಸುವ ಕುಲುಮೆಯ ಕಿಟ್ಟ) ಬೆರೆಸಿದ ಪಿಎಸ್‌ಸಿ ಇನ್ನೂ ಒಳ್ಳೆಯದು.

ಚೀಲದ ಮೇಲೆ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ, ಅದನ್ನು ಓದಿ. ಮೂರು ತಿಂಗಳು ಹಳೆಯದಾದ ಸಿಮೆಂಟು ಶಕ್ತಿ ಕಳೆದುಕೊಂಡಿರುತ್ತದೆ. ಚೀಲಕ್ಕೆ ಕೈ ತೂರಿಸಿದರೆ ತಣ್ಣಗಿರಬೇಕು, ಗಂಟು ಸಿಗಬಾರದು. ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಏರಿಸದೆ ಪೇರಿಸಿ.

"ಎಂ-ಸ್ಯಾಂಡ್ ಅಂತ ಕ್ವಾರಿ ಪುಡಿ ಕೊಟ್ರೆ ನಮಗೆ ಹೇಗೆ ಗೊತ್ತಾಗುತ್ತೆ?"

ಎಂ-ಸ್ಯಾಂಡ್ ಎಂದರೆ ಯಂತ್ರದಲ್ಲಿ ಬಂಡೆ ಒಡೆದು ಮಾಡಿದ ಮರಳು. ಹಿಡಿ ಒಣ ಮರಳನ್ನು ಅಂಗೈಯಲ್ಲಿ ಉಜ್ಜಿ ಬಿಡಿ. ಅಂಗೈ ಬೂದಿ ಬಳಿದ ಹಾಗಾದರೆ ಪುಡಿ ಹೆಚ್ಚಿದೆ. ಕಾಳುಗಳನ್ನು ಬಿಸಿಲಿಗೆ ಹಿಡಿದು ನೋಡಿ: ಒಳ್ಳೇ ಎಂ-ಸ್ಯಾಂಡಿನ ಕಾಳು ದುಂಡನೆ ಅಥವಾ ಚೌಕವಾಗಿರುತ್ತದೆ, ಕ್ವಾರಿ ಪುಡಿಯದು ಚಪ್ಪಟೆ, ಸೂಜಿಯ ಹಾಗೆ ಚುಚ್ಚುತ್ತದೆ. ಕಾಂಕ್ರೀಟಿಗೂ ಗೋಡೆಗೂ ಎಂ-ಸ್ಯಾಂಡ್, ಗಾರೆ ಮೆತ್ತಲು ಪಿ-ಸ್ಯಾಂಡ್ (ಪ್ಲಾಸ್ಟರಿನ ನುಣ್ಣನೆ ಮರಳು). ಇವೆರಡನ್ನು ಅದಲು ಬದಲು ಮಾಡಬೇಡಿ.

ಹೊಳೆ ಮರಳು ಸಿಕ್ಕಿದರೆ ಗಾಜಿನ ಜಾಡಿಯಲ್ಲಿ ಅರ್ಧ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೆಸರಿನ ಪದರ ಕೂರುತ್ತದೆ. 10 ಸೆಂ.ಮೀ. ಮರಳಿಗೆ 8 ಮಿ.ಮೀ. ದಾಟಿದರೆ ತೊಳೆಯದೆ ಬಳಸಬೇಡಿ.

"ಕಂಬಿಯಲ್ಲಿ 500, 500ಡಿ, 550 ಅಂತೆಲ್ಲ ಇರುತ್ತಲ್ಲ, ನಂಬರ್ ಜಾಸ್ತಿ ಇದ್ರೆ ಗಟ್ಟಿ ತಾನೇ?"

ನಂಬರಿಗಿಂತ 'ಡಿ' ಮುಖ್ಯ. ಐಎಸ್ 1786 ಎಂಬ ಭಾರತೀಯ ಮಾನದಂಡದ ಪ್ರಕಾರ ಎಫ್‌ಇ 500 ಕಂಬಿ ತುಂಡಾಗುವ ಮೊದಲು ಕನಿಷ್ಠ ಶೇ 12ರಷ್ಟು ಹಿಗ್ಗಬೇಕು, 500ಡಿ ಆದರೆ ಶೇ 16ರಷ್ಟು. ನೆಲ ನಡುಗಿದಾಗ ಮನೆಯನ್ನು ಹಿಡಿದು ನಿಲ್ಲಿಸುವುದು ಆ ಹಿಗ್ಗುವ ಗುಣ. ಎಂಜಿನಿಯರ್ ಡ್ರಾಯಿಂಗಿನಲ್ಲಿ ಬರೆದದ್ದನ್ನೇ ತನ್ನಿ. ಅಂಗಡಿಯಲ್ಲಿ "ಇದು ಇನ್ನೂ ಮೇಲಿನದು" ಎಂದರೂ ಕೇಳಿಯೇ ಬದಲಾಯಿಸಿ.

ತೂಕದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಮಿ.ಮೀ. ಲೆಕ್ಕದ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಯ 12 ಮೀಟರ್ ಉದ್ದಕ್ಕೆ ಸುಮಾರು 10.66 ಕೆ.ಜಿ. ಆಗಬೇಕು. ನಾಲ್ಕೈದು ಕಂಬಿ ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಹತ್ತು ಕೆ.ಜಿ.ಗಿಂತ ಕಡಿಮೆ ಬಂದರೆ ಒಪ್ಪಬೇಡಿ. ಮೇಲೆ ತೆಳುವಾಗಿ ಕೆಂಪು ತುಕ್ಕಿದ್ದರೆ ಭಯವಿಲ್ಲ, ಹೊಪ್ಪಳೆ ಏಳುತ್ತಿದ್ದರೆ ಬೇಡ.

"ನಮ್ಮ ಬೋರ್ ನೀರು ಉಪ್ಪು. ಅದರಲ್ಲೇ ಕಾಂಕ್ರೀಟ್ ಕಲಸಬಹುದಾ?"

ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ನೋಡಿ, ಖರ್ಚು ಹೆಚ್ಚಿಲ್ಲ. ಕಂಬಿ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮಿತಿ, ಪಿಎಚ್ 6ಕ್ಕಿಂತ ಕೆಳಗಿರಬಾರದು. ಮಿತಿ ದಾಟಿದರೆ ಮೋಲ್ಡಿನ ದಿನ ಟ್ಯಾಂಕರ್ ಸಿಹಿನೀರು ತರಿಸಿ.

"ಬಾಗಿಲಿಗೆ ತೇಗ ತರೋಕೆ ಆಗಲ್ಲ. ಬೇರೇನಿದೆ? ಅಡಿಗೆಮನೆಗೆ ಯಾವ ಪ್ಲೈವುಡ್?"

ಹೊನ್ನೆ, ಮತ್ತಿ, ಹಲಸು, ಬೇವು, ಎಲ್ಲವೂ ನಮ್ಮ ಹಳೇ ಮನೆಗಳಲ್ಲಿ ಬಾಳಿದ ಮರಗಳೇ. ಜಾತಿಗಿಂತ ಒಣಗಿದೆಯಾ ಎಂಬುದು ದೊಡ್ಡದು. ಹಸಿ ಮರದ ಚೌಕಟ್ಟು ಮೊದಲ ಬೇಸಿಗೆಯಲ್ಲೇ ತಿರುಚಿಕೊಳ್ಳುತ್ತದೆ. ಗೋಡೆಗೆ ತಾಗುವ ಮೂರು ಬದಿಗೂ ಕೂರಿಸುವ ಮುಂಚೆಯೇ ಗೆದ್ದಲು ಔಷಧಿ ಬಳಿಸಿ. ಸಿಂಕಿನ ಕೆಳಗೆ ಐಎಸ್ 710 ಗುರುತಿನ ಪ್ಲೈವುಡ್ಡೇ ಬೇಕು. ಐಎಸ್ 303ರ ಎಂಆರ್ ದರ್ಜೆ (ತೇವವನ್ನಷ್ಟೇ ತಡೆಯುವುದು) ಮಲಗುವ ಕೋಣೆಗೆ ಸಾಕು. ಅನುಮಾನವಿದ್ದರೆ ಬೆಂಕಿಪೊಟ್ಟಣದಷ್ಟು ತುಂಡನ್ನು ನಾಲ್ಕು ಗಂಟೆ ಕುದಿಸಿ. ಪದರ ಬಿಚ್ಚಿಕೊಂಡರೆ ಅಂಗಡಿಯವನಿಗೆ ಅದನ್ನೇ ತೋರಿಸಿ.

## ಸಲಕರಣೆ ಮತ್ತು ಕೆಲಸದ ದಿನಗಳು

"ನಾನು ಎಂಜಿನಿಯರ್ ಅಲ್ಲ. ಕೆಲಸ ನೋಡ್ಕೊಳ್ಳೋಕೆ ನನ್ನ ಹತ್ರ ಏನೇನಿರಬೇಕು?"

ಒಂದು 5 ಮೀಟರ್ ಟೇಪು, ತೂಗುಗುಂಡು, ರಸಮಟ್ಟ, ಹದಿನೈದು ಮೀಟರ್ ಪಾರದರ್ಶಕ ಪೈಪು, ನೈಲಾನ್ ದಾರ. ಎಲ್ಲ ಸೇರಿ ಒಂದು ಕೈಚೀಲದಲ್ಲಿ ಹಿಡಿಯುತ್ತದೆ.

ರಸಮಟ್ಟ ಕೊಳ್ಳುವಾಗ ಅಂಗಡಿಯ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ. ಅದೇ ಜಾಗದಲ್ಲಿ ಎಡ ತುದಿಯನ್ನು ಬಲಕ್ಕೆ ತಿರುಗಿಸಿ ಇಡಿ. ಗುಳ್ಳೆ ಅದೇ ಕಡೆ ಅಷ್ಟೇ ಸರಿದಿದ್ದರೆ ಮೇಜು ವಾಲಿದೆ, ರಸಮಟ್ಟ ಸರಿಯಿದೆ. ಗುಳ್ಳೆ ಇನ್ನೊಂದು ಕಡೆಗೆ ಹೋದರೆ ಆ ರಸಮಟ್ಟ ಬೇಡ.

ಮೂಲೆ ಸರಿಯಿದೆಯಾ ನೋಡಲು ಮೂರು-ನಾಲ್ಕು-ಐದರ ಲೆಕ್ಕ ಸಾಕು. ಮೂಲೆಯಿಂದ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ. ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬರಬೇಕು. ಪಾಯದ ದಿನ ಬೆಳಿಗ್ಗೆ ಇದನ್ನು ಮಾಡಿದರೆ ಮುಂದೆ ಟೈಲ್ಸು ಗೋಡೆಯ ಬುಡದಲ್ಲಿ ಸೀಳು ಸೀಳಾಗಿ ಕತ್ತರಿಸುವ ಕೆಲಸ ತಪ್ಪುತ್ತದೆ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ನೋಡಿಕೊಂಡರೆ ಮನೆಯ ಆ ಮೂಲೆಗೂ ಈ ಮೂಲೆಗೂ ಮಟ್ಟ ಸಿಗುತ್ತದೆ. ದುಬಾರಿ ಲೇಸರ್ ಬಂದರೂ ನಾನು ಈ ಪೈಪನ್ನು ಬಿಟ್ಟಿಲ್ಲ.

"ಮನೆಗೆ ಒಂದು ಡ್ರಿಲ್ ತಗೋಬೇಕು. ಯಾವುದು?"

ಪರದೆ, ಫೋಟೋ, ಸಣ್ಣ ಶೆಲ್ಫಿಗೆ 13 ಮಿ.ಮೀ. ಇಂಪ್ಯಾಕ್ಟ್ ಡ್ರಿಲ್ ಸಾಕು. ಕಾಂಕ್ರೀಟ್ ಬೀಮಿಗೆ ಪದೇ ಪದೇ ತೂತು ಹೊಡೆಯಬೇಕಿದ್ದರೆ ಎಸ್‌ಡಿಎಸ್ ಬಿಟ್ಟಿನ ರೋಟರಿ ಹ್ಯಾಮರ್ ಕೊಳ್ಳಿ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಒತ್ತಿ ಒತ್ತಿ ಮೋಟಾರು ಸುಡಬೇಡಿ. ಗ್ರೈಂಡರ್ ಕೊಂಡರೆ ಅದರ ಗಾರ್ಡ್ ಬಿಚ್ಚಲೇಬಾರದು, ಮರ ಕುಯ್ಯುವ ಹಲ್ಲಿನ ಬ್ಲೇಡ್ ಅದಕ್ಕೆ ಹಾಕಲೇಬಾರದು. ಆ ಬ್ಲೇಡು ಹಾರಿ ಬೆರಳು ಕಳೆದುಕೊಂಡ ಬಡಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಕೆಲಸ ನಡೆಯುವ ಜಾಗದ ತಾತ್ಕಾಲಿಕ ಕರೆಂಟಿಗೂ, ಕರೆಂಟ್ ಸೋರಿದ ಕೂಡಲೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಆಳುಗಳು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಹಿಡಿಯುತ್ತಾರೆ.

"ಬಾಂಡ್ಲಿ ಲೆಕ್ಕದಲ್ಲಿ ಕಲಸ್ತಾರೆ. ಅದು ಸರಿನಾ?"

ಬಾಂಡ್ಲಿ ಒಮ್ಮೆ ಅಂಚಿನ ಮಟ್ಟಕ್ಕೆ, ಒಮ್ಮೆ ಗೋಪುರದ ಹಾಗೆ ತುಂಬುತ್ತದೆ. ಅದರ ಬದಲು ಒಳಗಿನ ಅಳತೆ 12 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಅದರಲ್ಲಿ ಒಂದೂಕಾಲು ಘನ ಅಡಿ ಹಿಡಿಯುತ್ತದೆ, ಅಂದರೆ ಸರಿಯಾಗಿ ಒಂದು ಚೀಲ ಸಿಮೆಂಟಿನಷ್ಟು. ಎಂ20 ಎನ್ನುವ ಒಂದು-ಒಂದೂವರೆ-ಮೂರರ ಕಾಂಕ್ರೀಟಿಗೆ ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಒದ್ದೆ ಮರಳು ಉಬ್ಬಿರುತ್ತದೆ, ಆಗ ಸ್ವಲ್ಪ ಹೆಚ್ಚು ಹಾಕಬೇಕು.

ನೀರಿಗೂ ಅಳತೆ ಬೇಕು: ಚೀಲಕ್ಕೆ 25 ಲೀಟರಿನ ಆಸುಪಾಸು. ಮಧ್ಯಾಹ್ನದ ಹೊತ್ತಿಗೆ ಕೈ ಸೋತವರು "ಇನ್ನೊಂದು ಬಕೆಟ್ ಬಿಡು" ಎನ್ನುತ್ತಾರೆ. ಕಾಂಕ್ರೀಟು ಸಾರಿನ ಹಾಗೆ ಹರಿಯುತ್ತದೆ, ಸುಲಭವೂ ಆಗುತ್ತದೆ. ಆ ಹೆಚ್ಚಿನ ನೀರು ಆಮೇಲೆ ಆರಿಹೋಗಿ, ಅದಿದ್ದ ಜಾಗವೆಲ್ಲ ರಂಧ್ರವಾಗಿ ಉಳಿಯುತ್ತದೆ. ಮೋಲ್ಡಿನ ದಿನ ನೀವು ನಿಲ್ಲಬೇಕಾದ ಜಾಗ ಮಿಕ್ಸರಿನ ಬಾಯಿ.

"ಮೋಲ್ಡ್ ಹಾಕಿ ಎಷ್ಟು ದಿನ ನೀರು ಕಟ್ಟಬೇಕು? ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು?"

ಐಎಸ್ 456 ಹೇಳುವುದು ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿಗೆ ಅಥವಾ ಬಿಸಿ ಒಣ ಹವೆಗೆ 10 ದಿನ, ಬೆರಕೆ ಸಿಮೆಂಟಿಗೆ 14 ದಿನಕ್ಕೆ ಏರಿಸಿದರೆ ಒಳ್ಳೆಯದು. ನಾನು ಎಲ್ಲರಿಗೂ 14 ಎಂದೇ ಹೇಳುತ್ತೇನೆ. ತಾರಸಿಗೆ ಗಾರೆಯ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ತೋಯಿಸಿ, ಎಲ್ಲರೂ ಮರೆಯುವುದು ಪಿಲ್ಲರನ್ನೇ. ದಿನಕ್ಕೆ ಎರಡು ಸಲ ಪೈಪು ಹಿಡಿದು ಸಿಂಪಡಿಸಿ ನಡುವೆ ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ.

ಒಪಿಸಿಯಾದರೆ ನಾಲ್ಕೂವರೆ ಮೀಟರಿನ ಒಳಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ ಆಧಾರ ಇರಲೇಬೇಕು. ಆರು ಮೀಟರ್ ದಾಟಿದ ಬೀಮಿಗೆ 21 ದಿನ. ಪಿಪಿಸಿಗೆ ಇನ್ನೂ ಕೆಲವು ದಿನ ಕಾಯಿರಿ.

## ಆಳಕ್ಕಿಳಿದವರ ಪ್ರಶ್ನೆಗಳು

"ನಮ್ದು ಎರಿಮಣ್ಣ ಐತ್ರಿ. ಪಾಯಾ ಎಷ್ಟ ಆಳ ತಗೀಬೇಕು?"

ಗದಗ, ಧಾರವಾಡ, ವಿಜಯಪುರದ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯ ಆ ಉಬ್ಬು-ಕುಗ್ಗಿನ ಪದರ ದಾಟಿ ಇಳಿಯಬೇಕು. ಎಷ್ಟು ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು. ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಹತ್ತಿರ ಸಿಕ್ಕರೆ ಅದರ ಮೇಲೆ ಕೂರಿಸಿ. ಸಿಗದಿದ್ದರೆ ಬುಡ ಅಗಲವಾದ ಅಂಡರ್-ರೀಮ್ಡ್ ಪೈಲ್ (ನೆಲ ಕೊರೆದು ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ, ಮೇಲೆ ಬೀಮ್ ಕಟ್ಟಿಸಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಅದು. ಕೋಣೆಯ ನೆಲದ ಕೆಳಗಿನ ಎರೆಮಣ್ಣನ್ನೂ ತೆಗೆಸಿ ಗರಸು ತುಂಬಿಸಿ. ಗೋಡೆ ಗಟ್ಟಿಯಾಗಿದ್ದೂ ನೆಲದ ಟೈಲ್ಸು ಎದ್ದ ಮನೆಗಳು ಬೇಕಾದಷ್ಟಿವೆ. ಮನೆ ಸುತ್ತ ಮೂರಡಿ ಕಲ್ಲುಹಾಸು ಹಾಕಿಸಿ, ಮಾಳಿಗೆ ನೀರನ್ನು ದೂರ ಬಿಡಿ.

"ಕವರ್ ಬ್ಲಾಕ್ ಅಷ್ಟೊಂದು ಮುಖ್ಯನಾ? ಮೇಸ್ತ್ರಿ ಜಲ್ಲಿಕಲ್ಲು ಇಟ್ರೆ ಸಾಕು ಅಂತಾರೆ."

ಸಾಲದು. ಕವರ್ ಬ್ಲಾಕ್ ಎಂದರೆ ಕಂಬಿಯನ್ನು ಸೆಂಟ್ರಿಂಗ್ ಶೀಟಿನಿಂದ ದೂರ ಹಿಡಿಯುವ ಸಣ್ಣ ತುಂಡು. ಕಂಬಿಯ ಸುತ್ತ ಸ್ಲ್ಯಾಬಿನಲ್ಲಿ 20 ಮಿ.ಮೀ., ಪಿಲ್ಲರಿನಲ್ಲಿ 40, ಪಾಯದಲ್ಲಿ 50 ಮಿ.ಮೀ. ಕಾಂಕ್ರೀಟ್ ಇರಬೇಕು. ತುಳಿದರೆ ಜಲ್ಲಿ ಜಾರುತ್ತದೆ, ಕಂಬಿ ಶೀಟಿಗೆ ತಾಗುತ್ತದೆ. ಪಿಲ್ಲರಿನ ರಿಂಗುಗಳ ಕೊಕ್ಕೆಯನ್ನೂ ಆಗಲೇ ನೋಡಿ: ತುದಿ 135 ಡಿಗ್ರಿ ಒಳಕ್ಕೆ ಬಾಗಿ ಕಾಂಕ್ರೀಟಿನ ನಡುವಿಗೆ ಚುಚ್ಚಿರಬೇಕು. ಬರೀ ಎಲ್ ಆಕಾರದಲ್ಲಿ ಮಡಚಿದ್ದರೆ ಕಟ್ಟಿದ್ದನ್ನು ಬಿಚ್ಚಿಸಿ.

ಸಜ್ಜದ ಕಂಬಿ ಮಾತ್ರ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಗೋಡೆಯಿಂದ ಚಾಚಿದ ಸಜ್ಜ ಮೇಲ್ಭಾಗದಲ್ಲಿ ಹಿಗ್ಗುತ್ತದೆ. ನಮ್ಮ ಅಮ್ಮನ ಮನೆಯಲ್ಲಿ ಇದೇ ತಪ್ಪಾಗಿತ್ತು. ಕಾಂಕ್ರೀಟ್ ಸುರಿಯುವಾಗ ಆಳುಗಳು ಕಂಬಿ ತುಳಿದುಕೊಂಡೇ ಓಡಾಡಿದ್ದರು. ಹನ್ನೊಂದು ವರ್ಷದ ನಂತರ ಗೋಡೆಯ ಅಂಚಿನಲ್ಲಿ ಮೊದಲು ಪೆನ್ಸಿಲ್ ಗೆರೆಯಷ್ಟು ಬಿರುಕು, ಎರಡು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನಾಲ್ಕಡಿ ಸಜ್ಜ ತುಳಸಿಕಟ್ಟೆಯ ಪಕ್ಕ ಬಿತ್ತು. ಮುರಿದ ಜಾಗದಲ್ಲಿ ನೋಡಿದರೆ ಕಂಬಿಗಳೆಲ್ಲ ಕೆಳಗೆ ಮಲಗಿದ್ದವು, ಮೇಲೆ ಮೂರು ಇಂಚು ಬರೀ ಕಾಂಕ್ರೀಟು. ಅಮ್ಮ ಆಗ ತಾನೇ ದೀಪದ ಎಣ್ಣೆ ತರಲು ಒಳಗೆ ಹೋಗಿದ್ದರು. ಅಂದಿನಿಂದ ಸಜ್ಜ ಹಾಕುವ ದಿನ ಕಂಬಿಯ ಕೆಳಗೆ ಕುರ್ಚಿಯಾಕಾರದ ತುಂಡು ಕಂಬಿ ಇಡಿಸದೆ ನಾನು ಕಾಂಕ್ರೀಟ್ ಸುರಿಯಲು ಬಿಟ್ಟಿಲ್ಲ.

"ಹಂಚಿನ ಮನೆ ಕೆಡವಿ ಮೋಲ್ಡ್ ಹಾಕಿಸೋಣ ಅಂತ ಮಕ್ಕಳು ಹೇಳ್ತಿದ್ದಾರೆ. ಏನ್ ಮಾಡೋದು?"

ಗೋಡೆ ಗಟ್ಟಿಯಿದ್ದರೆ ಮಾಡನ್ನು ಮಾತ್ರ ಹೊಸದು ಮಾಡಿಸಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಜಡಿಮಳೆಯ ಊರುಗಳಲ್ಲಿ ಈ ಹಂಚು ಪರೀಕ್ಷೆಗೊಳಗಾಗಿದೆ. ಒಡೆದದ್ದನ್ನು ಒಂದೊಂದಾಗಿ ಬದಲಾಯಿಸಬಹುದು, ಮೋಲ್ಡಿನಲ್ಲಿ ಆ ಸವಲತ್ತಿಲ್ಲ. ಮಹಡಿ ಬೇಕೇ ಬೇಕಾದವರ ಮಾತು ಬೇರೆ. ಹಂಚನ್ನು ಹೊರುವ ಗೆದ್ದಲು ತಿಂದ ರೀಪು, ಪಕಾಸಿಗಳ ಬದಲು ಜಿಐ (ಸತು ಲೇಪಿಸಿದ) ಚೌಕ ಪೈಪು ಹಾಕಬಹುದು, ಬೆಸುಗೆ ಹಾಕಿದ ಜಾಗಕ್ಕೆ ಝಿಂಕ್ ಬಣ್ಣ ಬಳಿಯುವುದನ್ನು ಮರೆಯಬೇಡಿ.

"ತಾರಸಿಗೆ ಯಾವ ವಾಟರ್‌ಪ್ರೂಫಿಂಗ್ ಕೆಮಿಕಲ್ ಬೆಸ್ಟ್?"

ಮೊದಲು ಇಳಿಜಾರು ಕೊಡಿ. ಎಂಟಡಿಗೆ ಒಂದು ಇಂಚಾದರೂ ಪೈಪಿನ ಕಡೆ ಇಳಿದಿರಬೇಕು. ನೀರು ನಿಲ್ಲುವ ತಾರಸಿಗೆ ಯಾವ ಡಬ್ಬಿ ಬಳಿದರೂ ಬಹಳ ಕಾಲ ತಡೆಯುವುದಿಲ್ಲ. ಆಮೇಲೆ ಸ್ಲ್ಯಾಬು ಮತ್ತು ಪ್ಯಾರಪೆಟ್ ಸೇರುವ ಮೂಲೆಗೆ ಗಾರೆಯಿಂದ ದುಂಡು ಅಂಚು ಮಾಡಿಸಿ, ಲೇಪವನ್ನು ಗೋಡೆಯ ಮೇಲೂ ಒಂದಡಿ ಏರಿಸಿ. ಹೆಚ್ಚಿನ ಸೋರಿಕೆ ಆ ಮೂಲೆಯದು. ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ ಎರಡು ದಿನ ನೀರು ಕಟ್ಟಿ ಕೆಳಗಿನಿಂದ ನೋಡಿ.

"ಹಳೇ ಮೋಲ್ಡಲ್ಲಿ ಸಿಮೆಂಟ್ ಉದುರಿ ಕಂಬಿ ಕಾಣ್ತಿದೆ. ಪ್ಲಾಸ್ಟರ್ ಮೆತ್ತಿಸಿದ್ರೆ ಸಾಕಾ?"

ಮೆತ್ತಿಸಿದ್ದು ಮೂರನೇ ವರ್ಷಕ್ಕೆ ಇನ್ನಷ್ಟು ಎಳೆದುಕೊಂಡು ಬೀಳುತ್ತದೆ, ಕೆಳಗೆ ಮಕ್ಕಳು ಮಲಗಿರಬಹುದು. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ತಳ್ಳುತ್ತಿರುತ್ತದೆ. ಮೊದಲು ಎಂಜಿನಿಯರನ್ನು ಕರೆಸಿ ಸುತ್ತಿಗೆಯಲ್ಲಿ ತಟ್ಟಿ ನೋಡಿಸಿ. ಟೊಳ್ಳು ಸದ್ದು ಬರುವಷ್ಟೂ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಕೆಳಗೆ ಜಾಕ್ ಕೊಟ್ಟು, ಆ ಗೆರೆಯೊಳಗಿನದೆಲ್ಲವನ್ನೂ ಕಂಬಿಯ ಹಿಂದಕ್ಕೂ ಬೆರಳು ತೂರುವಷ್ಟು ಕೀಳಿಸಿ. ತಂತಿ ಬ್ರಷ್ಷಿನಲ್ಲಿ ಕಂಬಿ ಹೊಳೆಯುವ ತನಕ ಉಜ್ಜಿಸಿ. ತೆಳುವಾಗಿ ಹೋಗಿದ್ದರೆ ಪಕ್ಕಕ್ಕೆ ಹೊಸ ಕಂಬಿ ಕಟ್ಟಿಸಿ, ಝಿಂಕ್ ಪ್ರೈಮರ್ ಬಳಿಸಿ, ಆಮೇಲೆ ಪಾಲಿಮರ್ ಗಾರೆ ಪದರ ಪದರವಾಗಿ ತುಂಬಿಸಿ, ವಾರವಿಡೀ ಒದ್ದೆಯಾಗಿಡಿ. ಇದಕ್ಕೆಲ್ಲ ಕೈ ಹಾಕುವ ಮೊದಲೇ ತಾರಸಿಗೆ ಹತ್ತಿ, ಆ ಜಾಗದ ಸರಿಯಾಗಿ ಮೇಲೆ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ: ಸಿಂಟೆಕ್ಸಿನ ಕೆಳಗೋ, ಹೂಕುಂಡದ ಅಡಿಗೋ, ಮುಚ್ಚಿಹೋದ ಪೈಪಿನ ಬಾಯಿಗೋ.